ಒಣ ಹಿಟ್ಟಿನ ಸಾಕ್ಷಿ

ಆ ದಿನ ನಾನು ಬೀದರಿನ ಕಚೇರಿಯಲ್ಲಿ ಇದ್ದೆನೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಇದ್ದೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮುನ್ಸಿಫ್ ಸಾಹೇಬರ ಮೇಜಿನ ಮೇಲೆ ಹಾಸಿದ ಹಸಿರು ಬಟ್ಟೆ, ಅದರ ಮೂಲೆಯಲ್ಲಿ ಇಲಿ ಕಡಿದ ತೂತು, ಗೋಡೆಯ ಹಸಿ ಸುಣ್ಣದ ವಾಸನೆ ಎಲ್ಲವೂ ಕಣ್ಣಿಗೆ ಕಟ್ಟಿದಂತಿವೆ. ಆದರೆ ನನ್ನ ಅಕ್ಕ ಬೇರೆಯೇ ಹೇಳುತ್ತಾಳೆ. ಆ ವಾರವೆಲ್ಲ ನನಗೆ ಜ್ವರವಂತೆ, ಭಾಲ್ಕಿಯ ಮನೆಯಲ್ಲೇ ಮಲಗಿದ್ದೆನಂತೆ, ಹಣೆಗೆ ಒದ್ದೆ ಬಟ್ಟೆ ಹಾಕಿದವಳು ತಾನೇ ಅಂತೆ. ಇನ್ನು ಹಸಿರು ಬಟ್ಟೆಯ ಮಾತು: ಹಸಿರು ಬಟ್ಟೆ ಹಾಸದ ಕಚೇರಿ, ಇಲಿ ಕಡಿಯದ ಬಟ್ಟೆ ನಿಜಾಮರ ರಾಜ್ಯದಲ್ಲಿ ಎಲ್ಲಿದೆ? ಆಮೇಲೆ ಮತ್ತೆಲ್ಲೋ ನೋಡಿದ್ದನ್ನು ತಂದು ಇಲ್ಲಿ ಹಾಸಿಕೊಂಡಿರಬಹುದು.

ಹೈದರಾಬಾದಿನಲ್ಲಿ ಕಾಲೇಜು ಓದುವಾಗ ತರ್ಕಶಾಸ್ತ್ರ ಕಲಿತು ಹತ್ತಿಸಿಕೊಂಡ ಚಾಳಿ ಇದು. ಮೊದಲು ಎಲ್ಲರ ಮಾತನ್ನೂ ಅನುಮಾನಿಸುತ್ತಿದ್ದೆ. ಈಗ ಅನುಮಾನಿಸಲು ಬೇರೆ ಯಾರೂ ಉಳಿಯದೆ ನನ್ನನ್ನೇ ಹಿಡಿದುಕೊಂಡಿದ್ದೇನೆ. ಆದರೂ ಹೇಳುತ್ತೇನೆ. ಅನುಮಾನ ಬಂದ ಕಡೆ ಅನುಮಾನವನ್ನೂ ಹೇಳುತ್ತೇನೆ.

ನನಗಾಗ ಹನ್ನೆರಡು ವರ್ಷ. ಭಾಲ್ಕಿಯ ಸರಕಾರಿ ಸಾಲಿಯಲ್ಲಿ ಓದುತ್ತಿದ್ದೆ. ಕಲಿಕೆಯೆಲ್ಲ ಉರ್ದುವಿನಲ್ಲಿ, ಜಗಳವೆಲ್ಲ ಕನ್ನಡದಲ್ಲಿ. ನಮ್ಮ ಮಾಸ್ತರರು ಎಲೆ ಅಡಿಕೆಯ ಮನುಷ್ಯ. ಬೆಳಗ್ಗೆ ಬಾಯಿಗೆ ಹಾಕಿದ ಎಲೆ ಸಂಜೆ ಗಂಟೆ ಹೊಡೆದ ಮೇಲೇ ಹೊರಗೆ. ಅವರು ಪಾಠ ಹೇಳುವಾಗ ಮುಂದಿನ ಸಾಲಿನವರು ಪಾಟಿಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಆ ವರ್ಷ ನಮ್ಮ ವರ್ಗಕ್ಕೆ ಔರಾದ ಕಡೆಯ ಒಬ್ಬ ಹುಡುಗ ಬಂದ. ಅಪ್ಪ ಔರಾದದ ಹತ್ತಿರದ ಹಳ್ಳಿಯಲ್ಲಿ ಒಕ್ಕಲುತನ ಮಾಡುವವನು. ಮಗ ಉರ್ದು ಕಲಿತರೆ ಮನೆಯಲ್ಲಿ ಒಬ್ಬನಾದರೂ ಸರಕಾರದ ಕಾಗದ ಓದಿಯಾನು ಎಂದು ಭಾಲ್ಕಿಯಲ್ಲಿದ್ದ ತಂಗಿಯ ಮನೆಯಲ್ಲಿ ತಂದು ಬಿಟ್ಟಿದ್ದ. ಹುಡುಗ ಊರಿನ ಮಠದಲ್ಲಿ ಕನ್ನಡ ಕಲಿತು ಬಂದವನು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಮಾತು ಮಾತ್ರ ಔರಾದ ಕಡೆಯದು, ಎರಡು ಕನ್ನಡದ ಮಾತಿಗೆ ಒಂದು ಮರಾಠಿ, ಅದೂ ರಾಗ ಎಳೆದು. ನಮಗೆ ಅಷ್ಟು ಸಾಕಾಯಿತು.

ನಮ್ಮ ವರ್ಗದ ದೊಡ್ಡವನೆಂದರೆ ಪೊಲೀಸ್ ಪಾಟೀಲರ ಮಗ. ಅದೇ ವರ್ಗದಲ್ಲಿ ಮೂರನೆಯ ವರ್ಷ ಕೂತಿದ್ದ, ಮೀಸೆ ಚಿಗುರಿತ್ತು. ಸಾಲಿಯ ಪಡಸಾಲೆಯಲ್ಲಿ ನೀರಿನ ಹರವಿ, ಅದರ ಪಕ್ಕಕ್ಕೆ ಒಂದು ಚಪ್ಪಟೆ ಕಲ್ಲು. ಪಾಟೀಲರ ಮಗ ಒಂದು ಕಾಯ್ದೆ ಹೊರಡಿಸಿದ: ಔರಾದದವನು ನೀರು ಕುಡಿಯಬೇಕಾದರೆ ಆ ಕಲ್ಲಿನ ಮೇಲೆ ನಿಂತು ಭಾಷಣ ಮಾಡಬೇಕು.

“ಹತ್ತಲೇ ಔರಾದ್ಯಾ, ಕಲ್ಲ ಹತ್ತು. ನಿಮ್ಮೂರಾಗ ಎಮ್ಮಿ ಹ್ಯಾಂಗ ಕರೀತಾರ, ಕರದ ತೋರ್ಸು. ಆಮ್ಯಾಲ ನೀರು.”

ಮೊದಲ ಎರಡು ದಿನ ಅವನು ಹತ್ತಿದ, ಎಮ್ಮೆಯನ್ನೂ ಕರೆದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಲ್ಲಿ ನನಗೆ ಅನುಮಾನವೇ ಇಲ್ಲ, ನಾನೂ ನಕ್ಕೆ, ಜೋರಾಗಿಯೇ ನಕ್ಕೆ. ಜಾತಿಯ ಮಾತಲ್ಲ ಇದು. ನಮ್ಮ ಕೊರಳಲ್ಲಿದ್ದ ಲಿಂಗವೇ ಅವನ ಕೊರಳಲ್ಲೂ ಇತ್ತು. ಬರೀ ಮೋಜು. ಮೂರನೆಯ ದಿನದಿಂದ ಅವನು ಹರವಿಯ ಕಡೆಗೆ ಹೋಗುವುದನ್ನೇ ಬಿಟ್ಟ. ಮನೆಯಿಂದ ಹೊರಟಾಗ ಕುಡಿದದ್ದು, ಮತ್ತೆ ಸಂಜೆ ಮನೆಗೆ ಹೋಗಿ ಕುಡಿದದ್ದು. ನಡುವೆ ಒಂದು ಹನಿಯಿಲ್ಲ. ಮಾತೂ ಹಾಗೇ ನಿಂತಿತು. ಮಾಸ್ತರರು ಹೆಸರು ಕೂಗಿದರೆ ಎದ್ದು ನಿಲ್ಲುತ್ತಿದ್ದ, ಹಾಜರು ಎನ್ನುತ್ತಿರಲಿಲ್ಲ. ಮಾಸ್ತರರು ಅವನನ್ನು ಮಂಕು ಎಂದುಕೊಂಡರು. ಮಂಕು ಯಾಕೆ ಎಂದು ವರ್ಗದ ಮೂವತ್ತು ಜನರಿಗೂ ಗೊತ್ತಿತ್ತು.

ಅಂಥದ್ದರಲ್ಲಿ ಸಾಲಿಯ ಮಸಿದೌತಿ ಕಾಣೆಯಾಯಿತು.

ಬಿದರಿ ಕೆಲಸದ ದೌತಿ ಅದು. ಕಾಡಿಗೆ ಕಪ್ಪು ಮೈ, ಅದರ ಮೇಲೆ ಬೆಳ್ಳಿಯ ಬಳ್ಳಿ. ಹಿಂದಿನ ಇನ್ಸ್‌ಪೆಕ್ಟರ ಸಾಹೇಬರು ಸಾಲಿಯ ತಪಾಸಣೆಗೆ ಬಂದಾಗ ಕೊಟ್ಟು ಹೋಗಿದ್ದು. ಹೊಸ ಇನ್ಸ್‌ಪೆಕ್ಟರರು ನಾಳೆಯೋ ನಾಡಿದ್ದೋ ಬರುವವರಿದ್ದರು. ಬೆಳಗ್ಗೆ ನೋಡಿದರೆ ಮೇಜಿನ ಮೇಲೆ ದೌತಿಯಿದ್ದ ಕಡೆ ಧೂಳಿನ ನಡುವೆ ದುಂಡನೆಯ ಗುರುತು ಮಾತ್ರ. ಮಾಸ್ತರರ ಬಾಯಲ್ಲಿ ಎಲೆ ಹಾಗೇ ನಿಂತಿತು.

ಪಾಟೀಲರ ಮಗ ಎದ್ದ. “ನಮ್ಮ ಅಜ್ಜಿ ಹೇಳ್ತಾಳ್ರಿ ಮಾಸ್ತರ, ಕಳ್ಳನ ಬಾಯಾಗ ಉಗುಳು ಹುಟ್ಟಂಗಿಲ್ಲ. ಎಲ್ಲಾರ ಬಾಯಾಗ ಒಣ ಹಿಟ್ಟ ಹಾಕೂದು. ಸಾಚಾ ಇದ್ದವಂದು ಮುದ್ದಿ ಆಗ್ತದ. ಕಳ್ಳಂದು ಹಾಂಗೇ ಹಾರ್ತದ.”

“ಮಾಡ್ರಿ, ಏನರೆ ಮಾಡ್ರಿ,” ಎಂದರು ಮಾಸ್ತರರು. “ಸಾಹೇಬ್ರ ಬರೂದ್ರಾಗ ದೌತಿ ಮೇಜಿನ ಮ್ಯಾಲ ಇರಬೇಕ ನೋಡ್ರಿ.”

ಬೇರೆ ಸೀಮೆಯಲ್ಲಿ ಇದಕ್ಕೆ ಅಕ್ಕಿ ಅಗಿಸುತ್ತಾರಂತೆ. ನಮ್ಮ ಕಡೆ ಅಕ್ಕಿ ಹಬ್ಬದ ಪದಾರ್ಥ, ಕಳ್ಳರಿಗೆ ಕೊಡುವುದಲ್ಲ. ಹುರಿದ ಜೋಳದ ಹಿಟ್ಟು ಬಂತು. ಒಬ್ಬೊಬ್ಬರ ಬಾಯಿಗೂ ಒಂದು ಹಿಡಿ. ನೂರು ಎಣಿಸುವ ತನಕ ಬಾಯಿ ಮುಚ್ಚಿರಬೇಕು, ಆಮೇಲೆ ಮುತ್ತಲ ಎಲೆಯ ಮೇಲೆ ಉಗುಳಬೇಕು.

ಹಿಂದಿನ ದಿನ ಯಾರೂ ಇಲ್ಲದಾಗ ನಾನು ಆ ದೌತಿಯನ್ನು ಎತ್ತಿ ನೋಡಿದ್ದೆ, ಬೆಳ್ಳಿ ಬಳ್ಳಿಯನ್ನು ಉಗುರಿನಿಂದ ಕೆರೆದೂ ಇದ್ದೆ. ಬಾಯಿ ಒಣ ಕಟ್ಟಿಗೆಯಾಗಿತ್ತು. ಪಕ್ಕದಲ್ಲಿದ್ದ ಗೆಳೆಯ ನನ್ನ ಮುಖ ನೋಡಿ ಕಿವಿಯಲ್ಲಿ ಹೇಳಿದ: “ಹುಣಸಿಕಾಯಿ ನೆನಸ್ಕೊ. ಉಪ್ಪ ಹಚ್ಚಿದ್ದು.”

ನೆನೆಸಿಕೊಂಡೆ. ಮಠದ ಹಿಂದಿನ ಮರ, ಹಸಿರು ಕಾಯಿ, ಹರಳುಪ್ಪು. ನನ್ನ ಎಲೆಯ ಮೇಲೆ ಬಿದ್ದ ಮುದ್ದೆ ರೊಟ್ಟಿ ಬಡಿಯುವಷ್ಟು ಹದವಾಗಿತ್ತು. ಗೆಳೆಯನದೂ ಅಷ್ಟೇ. ಆ ದಿನ ವರ್ಗದ ಅರ್ಧ ಜನ ಹುಣಸೆಕಾಯಿಯಿಂದಲೇ ಪಾರಾದರೆಂದು ನನ್ನ ಅನುಮಾನ. ಔರಾದದ ಹುಡುಗನಿಗೆ ಯಾರೂ ಏನೂ ಹೇಳಲಿಲ್ಲ. ಅವನು ಬಾಯಿ ತೆರೆದಾಗ ಹಿಟ್ಟು ಧೂಳಿನ ಹಾಗೆ ಹಾರಿ ಮಾಸ್ತರರ ಕೋಟಿನ ಮೇಲೆ ಕೂತಿತು.

“ಸಿಕ್ಕ! ಸಿಕ್ಕ!” ಎಂದು ಪಾಟೀಲರ ಮಗ ಕುಣಿದ.

ಅಲ್ಲಿಗೇ ನಾಲ್ಕು ಏಟು ಹೊಡೆದು ಮುಗಿಸಿದ್ದರೆ ಇದು ಸಾಲಿಯ ಮಾತಾಗಿ ಉಳಿಯುತ್ತಿತ್ತು. ಆದರೆ ದೌತಿ ಸರಕಾರಿ ಸಾಮಾನು. ಮಾಸ್ತರರು ಅಮೀನರಿಗೆ, ಎಂದರೆ ಪೊಲೀಸ್ ಅಧಿಕಾರಿಗೆ, ವರದಿ ಕೊಟ್ಟರು. ಅಮೀನರು ಹುಡುಗನ ಎಲೆಯ ಮೇಲೆ ಉಳಿದಿದ್ದ ಹಿಟ್ಟನ್ನು ಪೊಟ್ಟಣ ಕಟ್ಟಿ, ಅರಗಿನ ಮುದ್ರೆ ಒತ್ತಿ, ಬೀದರಿನ ಕಚೇರಿಯಲ್ಲಿ ಫೌಜದಾರಿ ಖಟ್ಲೆ ಹೂಡಿಬಿಟ್ಟರು. ತಪ್ಪು ಸಾಬೀತಾದರೆ ಹುಡುಗನಿಗೆ ಕಚೇರಿಯ ಅಂಗಳದಲ್ಲಿ ಬೆತ್ತದ ಏಟು, ಸಾಲಿಯಿಂದ ಹೆಸರು ತೆಗೆಯುವುದು, ಹಣೆಗೆ ಅಂಟುವ ಕಳ್ಳನೆಂಬ ಹೆಸರು. ಅವನ ಅಪ್ಪ ಔರಾದದಿಂದ ಬಂಡಿ ಕಟ್ಟಿಕೊಂಡು ಬಂದು ತಂಗಿಯ ಮನೆಯ ಕಟ್ಟೆಯ ಮೇಲೆ ಕೂತ. ಮಗನನ್ನು ಬೈಯಲೂ ಇಲ್ಲ, ಕೇಳಲೂ ಇಲ್ಲ. ಅವನಿಗೂ ಮಾತು ಕಡಿಮೆ.

ಆ ತಂಗಿಗೂ ನಮ್ಮ ಅವ್ವನಿಗೂ ಬಾವಿಕಟ್ಟೆಯ ಸ್ನೇಹ. ಅವ್ವ ಬೀದರಿಗೆ ಹೇಳಿ ಕಳಿಸಿ ತನ್ನ ತಮ್ಮನನ್ನು ಕರೆಸಿದಳು. ನನ್ನ ಮಾಮಾ ಬೀದರಿನಲ್ಲಿ ವಕೀಲ. ಗೆದ್ದ ಖಟ್ಲೆಗಳು ಕಡಿಮೆ, ಸೋತ ಖಟ್ಲೆಗಳ ಕಥೆ ಮಾತ್ರ ಅವನಷ್ಟು ಚೆನ್ನಾಗಿ ಯಾರೂ ಹೇಳುತ್ತಿರಲಿಲ್ಲ. ಬಂದವನೇ ರೊಟ್ಟಿಯ ಮುಂದೆ ಕೂತು ನನ್ನನ್ನು ಹಿಡಿದ.

“ಏನ ಅಳಿಯಾ, ನೀನೂ ಹಿಟ್ಟ ತಿಂದಿಯೇನ?”

“ತಿಂದೆ ಮಾಮಾ.”

“ಹಸಿ ಬಂತೋ, ಒಣಾ ಬಂತೋ?”

“ಹಸಿ.”

“ಹಂಗಾದ್ರ ನಮ್ಮ ಅಕ್ಕನ ಹೊಟ್ಟ್ಯಾಗ ಸಾಚಾ ಮನಶ್ಯಾನೇ ಹುಟ್ಯಾನ ಬಿಡು.”

ನಾನು ಹುಣಸೆಕಾಯಿಯ ಗುಟ್ಟು ಹೇಳಿದೆ. ತಲೆಯ ರುಮಾಲು ಜಾರಿ ಪಲ್ಯದಲ್ಲಿ ಬೀಳುವ ತನಕ ಮಾಮಾ ನಕ್ಕ. “ಹುಣಸಿಕಾಯಿ ನೆನಸಿ ಬಿಡುಗಡಿ! ನಾ ಇಷ್ಟ ವರ್ಷ ಕಾಯ್ದೆ ಓದಿದ್ದ ಹಾಳಾತಲ್ಲೋ!” ನಗು ನಿಂತ ಮೇಲೆ ರುಮಾಲು ಒರೆಸಿಕೊಳ್ಳುತ್ತ ಕೇಳಿದ: “ಅದಿರಲಿ. ಆ ಹುಡುಗನ ಬಾಯಿ ಯಾಕ ಒಣಗಿತ್ತು?”

ಇಲ್ಲಿಯೇ ನನ್ನ ದೊಡ್ಡ ಅನುಮಾನವಿರುವುದು. ಹರವಿ, ಕಲ್ಲು, ಎಮ್ಮೆ ಎಲ್ಲವನ್ನೂ ಮಾಮಾನಿಗೆ ಆಗಲೇ ಹೇಳಿದೆ ಎಂದು ನನ್ನ ನೆನಪು. ಆದರೆ ಹುಣಸೆಕಾಯಿಯ ಗೆಳೆಯ, ಅದನ್ನು ಹೇಳಿದವನು ತಾನು ಎನ್ನುತ್ತಾನೆ, ಮಾಮಾ ಮರುದಿನ ತನ್ನ ಮನೆಗೂ ಬಂದಿದ್ದನಂತೆ. ಮಾಮಾನನ್ನು ಕೇಳಿದರೆ, “ಯಾರೂ ಏನೂ ಹೇಳಿಲ್ಲ. ಸಾಲಿಗೆ ಹೋಗಿ ಹರವಿ ಮುಂದ ನಿಂತೆ, ತಿಳೀತು. ವಕೀಲ ಅಂದ್ರ ಸುಮ್ನೇನು?” ಎನ್ನುತ್ತಿದ್ದ. ಮೂವರಲ್ಲಿ ಇಬ್ಬರು ಸುಳ್ಳು. ಮೂವರೂ ಸುಳ್ಳಿರಬಹುದು.

ಖಟ್ಲೆಯ ಹಿಂದಿನ ದಿನ ನಸುಕಿಗೇ ಬಂಡಿ ಹೊರಟಿತು. ಅದರಲ್ಲಿ ನಾನಿದ್ದೆ ಎಂದಿಟ್ಟುಕೊಳ್ಳೋಣ. ಕಪ್ಪು ಮಣ್ಣಿನ ಹೊಲಗಳು ಮುಗಿದು ದಾರಿ ಮೇಲೇರಿ ಬೀದರಿನ ಕೆಂಪು ಮಣ್ಣು ಗಾಲಿಗೆ ಹತ್ತಿದಾಗ ಹುಡುಗನ ಅಪ್ಪ ಒಮ್ಮೆ ಬಾಯಿ ತೆರೆದ: “ವಕೀಲ ಸಾಹೇಬ್ರ, ದೌತಿ ಸಿಕ್ಕರ ನಮ್ಮ ಹುಡುಗನ ಬಿಡ್ತಾರಲ್ರಿ?”

“ದೌತಿ ಸಿಕ್ಕ ಮ್ಯಾಲ ಬಿಟ್ಟರ ಅದು ನಸೀಬ, ಗೌಡ್ರ,” ಎಂದ ಮಾಮಾ. “ಸಿಗೂದಕ್ಕಿಂತ ಮದ್ಲ ಬಿಡಬೇಕು. ಅದು ನ್ಯಾಯ.”

ರಮಜಾನಿನ ದಿನಗಳು. ಮುನ್ಸಿಫ್ ಸಾಹೇಬರಿಗೆ ಉಪವಾಸ, ಅಮೀನರಿಗೆ ಉಪವಾಸ, ಕಾಗದ ಓದುವ ಪೇಶಕಾರರಿಗೂ ಉಪವಾಸ. ಖಟ್ಲೆಯ ದಿನ ಮಧ್ಯಾಹ್ನದ ಬಿಸಿಲು ಕಚೇರಿಯ ಕಿಟಕಿಯಿಂದ ಒಳಗೆ ಬಂದು ಮಲಗಿತ್ತು. ಹಿಂದಿನ ಬೆಂಚಿನಲ್ಲಿ ಸಾಕ್ಷಿ ಹೇಳಲು ಬಂದ ಪಾಟೀಲರ ಮಗ, ಅವನ ಜೊತೆಗೆ ಬಂದ ಇಬ್ಬರು, ಮಾಸ್ತರರು. ಸಾಹೇಬರು ಆಡಿದ್ದೆಲ್ಲ ಉರ್ದು, ಒಂದೆರಡು ಮಾತು ಬಿಟ್ಟರೆ ನನಗೆ ನೆನಪಿರುವುದೆಲ್ಲ ಕನ್ನಡ. ನನ್ನ ನೆನಪನ್ನು ನಂಬದಿರಲು ಇದೂ ಒಂದು ಕಾರಣ.

ಅಮೀನರು ಪೊಟ್ಟಣದ ಮುದ್ರೆ ಒಡೆದರು. ಹದಿನೈದು ದಿನದಲ್ಲಿ ಹಿಟ್ಟಿಗೆ ಹುಳ ಬಿದ್ದಿತ್ತು. ಸಾಕ್ಷಿಯ ಪದಾರ್ಥವೇ ಮೇಜಿನ ಮೇಲೆ ನಡೆದುಕೊಂಡು ಹೊರಟಿತು. ಸಾಹೇಬರು ಮುಖ ಗಂಭೀರ ಮಾಡಿಕೊಂಡು ಒಂದು ಹುಳವನ್ನು ಲೇಖನಿಯ ತುದಿಯಿಂದ ಹಿಂದಕ್ಕೆ ತಿರುಗಿಸಿದರು.

ಮಾಮಾ ಎದ್ದ. “ಈ ಹಿಟ್ಟ ಬಿಟ್ಟರ ಬ್ಯಾರೆ ಏನರೆ ಸಾಕ್ಷಿ ಅದ ಏನ್ರಿ?” ಎಂದು ಪಾಟೀಲರ ಮಗನನ್ನು ಕೇಳಿದ.

“ಬ್ಯಾರೆ ಏನಿಲ್ರಿ. ಇದೇ ಸಾಕಲ್ರಿ?”

“ಸಾಕ, ಸಾಕ.” ಮಾಮಾ ಶೇರವಾನಿಯ ಜೇಬಿನಿಂದ ಒಂದು ಗಂಟು ತೆಗೆದ. ಜೋಳದ ಹಿಟ್ಟು. “ಸಾಹೇಬರ ಅಪ್ಪಣೆ ಆದ್ರ ಇವನೂ ಒಂದ ಹಿಡಿ ಬಾಯಾಗ ಹಾಕ್ಕೊಳ್ಳಿ.”

ಸಾಹೇಬರು ತಲೆಯಾಡಿಸಿದರು. ಪೇಶಕಾರರು ನೂರು ಎಣಿಸಿದರು. ಅಷ್ಟೂ ಹೊತ್ತು ಪಾಟೀಲರ ಮಗ ಸಾಹೇಬರನ್ನು ನೋಡಿದ, ಬಾಗಿಲಲ್ಲಿದ್ದ ಜವಾನನ ಬೆತ್ತವನ್ನು ನೋಡಿದ. ಬಾಯಿ ತೆರೆದ. ಹಿಟ್ಟು ಹೊಗೆಯ ಹಾಗೆ ಹಾರಿತು. ಒಂದು ಕಣ ಕೂಡ ಒದ್ದೆಯಾಗಿರಲಿಲ್ಲ. ಈ ಪಾಟೀಲರ ಮಗ ಈಗ ಭಾಲ್ಕಿಯ ಪೇಟೆಯಲ್ಲಿ ದೊಡ್ಡ ಮನುಷ್ಯ. ತನ್ನದು ಮುದ್ದೆಯಾಗಿಯೇ ಬಂತು, ಸಾಹೇಬರು ಭೇಷ್ ಎಂದರು ಎಂದು ಈಗಲೂ ಹೇಳಿಕೊಳ್ಳುತ್ತಾನೆ. ಅದನ್ನೂ ಇಲ್ಲಿ ಬರೆದಿಟ್ಟಿದ್ದೇನೆ, ಅವನ ಮಾತೂ ಒಂದು ಮಾತೇ.

ಮಾಸ್ತರರು ತಾವೂ ತಿನ್ನುತ್ತೇನೆಂದು ಮುಂದೆ ಬಂದರು. ಎಲೆ ಅಡಿಕೆಯ ಬಾಯಿ. ಕೆಂಪನೆಯ ಮುದ್ದೆ ಬಂತು.

“ಸಾಹೇಬ್ರ, ಈ ಕಾಯ್ದೆ ಪ್ರಕಾರ ಬೀದರ ಜಿಲ್ಲಾದಾಗ ನಮ್ಮ ಮಾಸ್ತರಷ್ಟು ಸಾಚಾ ಮನಶ್ಯಾ ಇಲ್ಲ,” ಎಂದ ಮಾಮಾ. ಕಚೇರಿಯೆಲ್ಲ ನಕ್ಕಿತು. ಮಾಸ್ತರರು ಹೊಗಳಿಕೆ ಎಂದು ತಿಳಿದು ಸಲಾಮು ಮಾಡಿದರು.

ಆಮೇಲೆ ಮಾಮಾ ದನಿ ಇಳಿಸಿದ. “ಇನ್ನೊಂದ ಮಾತ್ರಿ. ಹದಿನೈದ ದಿನ ಆತು. ಈ ಹುಡುಗನ ಮ್ಯಾಲ ಏನ ಅಪವಾದ ಅದ ಅಂತ ಅವಗ ತಿಳಿಯೂ ಮಾತಿನಾಗ ಯಾರೂ ಹೇಳಿಲ್ಲ. ನೀ ಏನಂತಿ ಅಂತ ಯಾರೂ ಕೇಳಿಲ್ಲ. ಸಾಲ್ಯಾಗೂ ಕೇಳಿಲ್ಲ, ಠಾಣೇದಾಗೂ ಕೇಳಿಲ್ಲ.”

ಸಾಹೇಬರು ಪೇಶಕಾರರನ್ನು ನೋಡಿದರು. ಪೇಶಕಾರರು ಕಾಗದ ತಿರುವಿದರು. ಹೌದು, ಕೇಳಿದ್ದಕ್ಕೆ ಎಲ್ಲಿಯೂ ಗುರುತಿಲ್ಲ. ಸಾಹೇಬರು ಅಪವಾದವನ್ನು ಕನ್ನಡದಲ್ಲಿ ತಿಳಿಸಿ ಹೇಳೆಂದು ಮಾಮಾನಿಗೇ ಹೇಳಿದರು. ಆಮೇಲೆ ಹುಡುಗನತ್ತ ತಿರುಗಿ ಮೆಲ್ಲಗೆ ಕೇಳಿದರು: ನೀನು ಏನು ಹೇಳುತ್ತೀ?

ಹುಡುಗ ಬಾಯಿ ತೆರೆದ. ಏನೂ ಬರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಮೆತ್ತಗೆ ಎಮ್ಮೆಯ ಹಾಗೆ ಕೂಗಿದರು. ಹುಡುಗನ ಬಾಯಿ ಮುಚ್ಚಿಕೊಂಡಿತು.

ಸಾಹೇಬರಿಗೆ ಎಮ್ಮೆಯ ಕಥೆ ಗೊತ್ತಿರಲಿಲ್ಲ. ಆದರೂ ಆ ಬೆಂಚನ್ನು ಒಮ್ಮೆ ನೋಡಿದರು, ಬೆಂಚು ತಣ್ಣಗಾಯಿತು. ಆಮೇಲೆ ಒಂದು ಹಾಳೆ, ತಮ್ಮ ಲೇಖನಿ ಎರಡನ್ನೂ ಹುಡುಗನ ಮುಂದೆ ಸರಿಸಿದರು. ಬರಿ ಎಂದರು.

ಪೇಶಕಾರರು ಕೆಮ್ಮಿದರು. ಕಚೇರಿಯ ಭಾಷೆ ಉರ್ದು, ಮಿಸಲಿನಲ್ಲಿ, ಎಂದರೆ ಖಟ್ಲೆಯ ಕಡತದಲ್ಲಿ, ಬೇರೆ ಭಾಷೆ ಸೇರಿಸಿದ ರೂಢಿಯಿಲ್ಲ ಎಂದರು.

“ಕಚೇರಿ ಸರಕಾರದ್ದು,” ಎಂದರು ಸಾಹೇಬರು. “ಜವಾಬು ಹುಡುಗನದು.”

ಹುಡುಗ ಒಂದೇ ಸಾಲು ಬರೆದ. ಮಾಮಾ ಅದನ್ನು ಮೊದಲು ಕನ್ನಡದಲ್ಲಿ ಓದಿದ, ಆಮೇಲೆ ಉರ್ದುವಿನಲ್ಲಿ ಹೇಳಿದ.

“ಪಾನಿ ಲಾವ್!” ಎಂದರು ಸಾಹೇಬರು.

ಜವಾನ ತಂಬಿಗೆ ತಂದ. ಬೆಳಗಿನಿಂದ ಒಂದು ಹನಿ ನೀರು ಮುಟ್ಟದ ಸಾಹೇಬರು, ಅಮೀನರು, ಪೇಶಕಾರರು ನೋಡುತ್ತ ಕೂತರು. ಹುಡುಗ ಒಂದು ತಂಬಿಗೆ ಕುಡಿದ, ಎರಡನೆಯದೂ ಕುಡಿದ. ಗಂಟಲಿನ ಗುಟುಕು ಗುಟುಕು ಇಡೀ ಕಚೇರಿಗೆ ಕೇಳಿಸುತ್ತಿತ್ತು. ತಂಬಿಗೆ ಕೆಳಗಿಟ್ಟು ಮಾತು ಶುರು ಮಾಡಿದ. ಔರಾದದ ಕನ್ನಡ, ನಡುನಡುವೆ ಮರಾಠಿ, ರಾಗ ಎಳೆದು, ಹರವಿ, ಕಲ್ಲು, ಎಮ್ಮೆ ಎಲ್ಲ. ಯಾರೂ ನಿಲ್ಲಿಸಲಿಲ್ಲ. ಮಾಮಾ ಉರ್ದುವಿನಲ್ಲಿ ಹೇಳಿದ್ದನ್ನು ಪೇಶಕಾರರು ಬರೆದೂ ಬರೆದೂ ಕೈ ಝಾಡಿಸಿಕೊಂಡರು.

ಕೊನೆಗೆ ಸಾಹೇಬರು ತಮ್ಮ ಒಣ ತುಟಿಯ ಮೇಲೆ ಬೆರಳಿಟ್ಟುಕೊಂಡು ಹೇಳಿದರು: “ಬಾಯಿ ಒಣಗಿದವನು ಕಳ್ಳನಾದರೆ ಈ ಕೋಣೆಯಲ್ಲಿ ಮೊದಲ ಕಳ್ಳ ನಾನು. ಎರಡನೆಯವರು ಅಮೀನ ಸಾಹೇಬರು.” ಹುಡುಗನ ಮೇಲೆ ಏನೂ ಸಾಬೀತಾಗಿಲ್ಲ, ಮನೆಗೆ ಹೋಗಬಹುದು ಎಂದರು.

ಹುಡುಗನ ಅಪ್ಪ ಎದ್ದು ನಿಂತು, ಏನು ಮಾಡಬೇಕೋ ತಿಳಿಯದೆ, ಹುಳ ಬಿದ್ದ ಹಿಟ್ಟಿನ ಪೊಟ್ಟಣಕ್ಕೆ ಕೈ ಮುಗಿದ.

ಖಟ್ಲೆ ಮುಗಿದ ಎಂಟು ದಿನದ ಮೇಲೆ ದೌತಿ ಸಿಕ್ಕಿತು, ಇದ್ದ ಜಾಗದಲ್ಲೇ, ಹೊಸದರ ಹಾಗೆ ಹೊಳೆಯುತ್ತ. ಕೆಲಸ ನಮ್ಮ ಸಾಲಿಯ ಚಪರಾಸಿಯದು. ಹೊಸದಾಗಿ ದೂರದ ಊರಿಂದ ಬಂದವನು. ಇನ್ಸ್‌ಪೆಕ್ಟರರು ಬರುತ್ತಾರೆಂದು ಎಲ್ಲ ಸಾಮಾನು ತಿಕ್ಕುವಾಗ ದೌತಿಯ ಕಪ್ಪನ್ನು ಮಸಿ ಎಂದು ತಿಳಿದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟಿದ್ದ. ಬಿದರಿ ಸಾಮಾನಿನ ಜೀವವೇ ಆ ಕಪ್ಪು. ಮೈಯೆಲ್ಲ ತೊನ್ನು ಹತ್ತಿದ ಹಾಗಾದದ್ದನ್ನು ಕಂಡು ಹೆದರಿ, ಬೀದರಿನ ಕುಶಲಿಗರ ಓಣಿಗೆ ಒಯ್ದು ಕೊಟ್ಟಿದ್ದ. ಅವರು ಕೋಟೆಯ ಹಳೆಯ ಮಣ್ಣು ಕುದಿಸಿ ಕಪ್ಪು ಏರಿಸಿ ಕೊಡಲು ಅಷ್ಟು ದಿನ ಬೇಕಾಯಿತು. ನೌಕರಿ ಹೋದೀತೆಂದು ಬಾಯಿ ಬಿಟ್ಟಿರಲಿಲ್ಲ. ಇದೆಲ್ಲ ಹೊರಬಿದ್ದಾಗ ಮಾಮಾ ಹೇಳಿದ್ದು ಇಷ್ಟೇ: “ನೋಡಿದಿ ಅಳಿಯಾ, ಹುಣಸಿ ನಿನ್ನ ಬಿಡಿಸ್ತು, ಆ ಔರಾದ ಹುಡುಗನ ಸಿಗಿಸ್ತು.” ಚಪರಾಸಿಯ ಮೇಲೆ ಯಾರೂ ವರದಿ ಕೊಡಲಿಲ್ಲ. ಮರುದಿನದಿಂದ ಅವನು ಹರವಿಯ ಪಕ್ಕದ ಕಲ್ಲನ್ನು ಕಿತ್ತು ದೂರ ಉರುಳಿಸಿ ತಾನೇ ಅಲ್ಲಿ ನಿಂತು, ಔರಾದದ ಹುಡುಗನಿಗೆ ಮೊದಲು ನೀರು ಹಾಕಿ ಆಮೇಲೆ ಉಳಿದವರಿಗೆ ಹಾಕುತ್ತಿದ್ದ.

ಆ ಹುಡುಗ ಓದಿ ಮುಂದೆ ಬಂದ. ಈಗ ಔರಾದ ಕಡೆಯೇ ಮಾಸ್ತರ. ವರ್ಷಕ್ಕೊಮ್ಮೆ ನನ್ನಲ್ಲಿಗೆ ಬಂದರೆ ಅವನ ಮಾತು ಮುಗಿಯುವುದಿಲ್ಲ, ನಗಿಸಿ ಸಾಕು ಮಾಡುತ್ತಾನೆ. ಒಂದು ಮಾತ್ರ ಉಳಿದುಕೊಂಡಿದೆ. ಎಂಥ ಬಿಸಿಲಲ್ಲಿ ಬಂದರೂ ನೀರು ಬೇಕೆಂದು ಕೇಳುವುದಿಲ್ಲ. ನಾವೇ ತಂದಿಡಬೇಕು. ನನ್ನ ಹೆಂಡತಿ ಇದನ್ನು ಸಂಕೋಚ ಎಂದುಕೊಂಡಿದ್ದಾಳೆ. ನಾನು ತಂಬಿಗೆ ತರಲು ಮೊದಲೇ ಎದ್ದಿರುತ್ತೇನೆ.

ಕೆಲವು ವರ್ಷಗಳ ಹಿಂದೆ ಬೇರೆ ಕೆಲಸಕ್ಕೆ ಬೀದರಿಗೆ ಹೋದಾಗ ಕಚೇರಿಯ ಹಳೆಯ ಕಡತಗಳನ್ನಿಡುವ ದಫ್ತರಖಾನೆ ಹೊಕ್ಕೆ. ವಕೀಲ ಗೆಳೆಯರೆಲ್ಲ, ಉರ್ದು ಮಿಸಲಿನಲ್ಲಿ ಕನ್ನಡದ ಹಾಳೆ ಇರಲು ಸಾಧ್ಯವೇ ಇಲ್ಲ, ಅದು ನೀನೇ ಕಟ್ಟಿಕೊಂಡ ಕಥೆ ಎಂದು ನಕ್ಕಿದ್ದರು. ನನಗೂ ಹಾಗೇ ಅನ್ನಿಸತೊಡಗಿತ್ತು. ದಫ್ತರದ ಮುದುಕರು ಎರಡು ದಿನ ಧೂಳು ಝಾಡಿಸಿ ಒಂದು ಕಟ್ಟು ತಂದಿಟ್ಟರು. ನಾನು ಅಲ್ಲಿದ್ದೆನೋ ಇಲ್ಲವೋ ಅದರಲ್ಲಿ ಬರೆದಿರಲಿಲ್ಲ. ಮಾಮಾನಿಗೆ ನೀರಿನ ಮಾತು ಹೇಳಿದವರು ಯಾರೆಂಬುದೂ ಇರಲಿಲ್ಲ. ಮೇಜಿನ ಬಟ್ಟೆಯ ಬಣ್ಣವನ್ನು ಯಾರು ಬರೆಯುತ್ತಾರೆ? ಆದರೆ ಉರ್ದು ಹಾಳೆಗಳ ನಡುವೆ ದಾರ ಹಾಕಿ ಹೊಲಿದ ಒಂದು ಹಾಳೆಯಿತ್ತು. ಅದರಲ್ಲಿ ಮುತ್ತಿನಂಥ ದುಂಡು ಅಕ್ಷರದಲ್ಲಿ ಒಂದೇ ಸಾಲು: “ನಾನು ತಗೊಂಡಿಲ್ಲರಿ, ನನಗ ನೀರು ಬೇಕು.”